257 ರೂಪಾಯಿಯ ಸಿಟ್ಟು: ಬೊಮ್ಮನಹಳ್ಳಿ, ಏಪ್ರಿಲ್ 2016

2016ರ ಏಪ್ರಿಲ್ 18, ಸೋಮವಾರ. ಬೊಮ್ಮನಹಳ್ಳಿ ಸುತ್ತಿನ ಗಾರ್ಮೆಂಟ್ಸ್ ಹೆಂಗಸರು ಮಷೀನ್ ಬಿಟ್ಟೆದ್ದು ಬಂದು ಹೊಸೂರು ರಸ್ತೆಯಲ್ಲಿ ಕೂತರು. ಯಾವ ಸಂಘವೂ ಕರೆ ಕೊಟ್ಟಿರಲಿಲ್ಲ. ಮನವಿ ಪತ್ರ ಹಿಡಿದು ಮುಂದೆ ಬರುವ ಮುಖಂಡರೂ ಇರಲಿಲ್ಲ. ಮರುದಿನ ಅದು ಪೀಣ್ಯ, ಜಾಲಹಳ್ಳಿ ಕ್ರಾಸ್, ಮೈಸೂರು ರಸ್ತೆ, ಹೆಬ್ಬಗೋಡಿಗೆಲ್ಲ ಹಬ್ಬಿತು. ಬಸ್ಸುಗಳು ಸುಟ್ಟುಹೋದವು, ಹೆಬ್ಬಗೋಡಿ ಪೊಲೀಸ್ ಠಾಣೆಯ ಆವರಣದಲ್ಲಿದ್ದ ವಾಹನಗಳಿಗೆ ಬೆಂಕಿ ಬಿತ್ತು. ಲಾಠಿ ಪ್ರಹಾರವಾಯಿತು, ಅಶ್ರುವಾಯು ಸಿಡಿಯಿತು. ಮಂಗಳವಾರ ಸಂಜೆಯ ಹೊತ್ತಿಗೆ ದೆಹಲಿಯಲ್ಲಿ ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ, ಪಿಎಫ್ (ಭವಿಷ್ಯ ನಿಧಿ) ಹಣ ತೆಗೆಯುವುದಕ್ಕೆ ಮಿತಿ ಹಾಕಿದ್ದ ಅಧಿಸೂಚನೆಯನ್ನೇ ರದ್ದು ಮಾಡಿರುವುದಾಗಿ ಹೇಳಿದರು.

ಬಡವನ ಸಿಟ್ಟು ದವಡೆಗೆ ಮೂಲ ಎಂದು ನಮ್ಮಲ್ಲೊಂದು ಗಾದೆ. ಕೈಲಾಗದವನು ಸಿಟ್ಟಿಗೆದ್ದರೆ ಪೆಟ್ಟು ಬೀಳುವುದು ಅವನ ದವಡೆಗೇ ಎಂದು ಅದರ ಅರ್ಥ. ತಿಂಗಳಿಗೆ ಏಳು ಸಾವಿರದ ಆಸುಪಾಸು ದುಡಿಯುವ ಹೆಂಗಸರು ಎರಡು ದಿನದಲ್ಲಿ ಕೇಂದ್ರ ಸರ್ಕಾರದ ಆದೇಶ ವಾಪಸ್ ತೆಗೆಸಿದಾಗ ಈ ಗಾದೆ ತಲೆಕೆಳಗಾಯಿತು. ಪೂರ್ತಿಯಾಗಿ ಅಲ್ಲ, ದವಡೆಯ ವಿಷಯ ಆಮೇಲೆ ಬರುತ್ತದೆ. ಆ ಸಿಟ್ಟು ಎಲ್ಲಿಂದ ಬಂತೆಂದು ತಿಳಿಯಲು ಕಲ್ಲು, ಬೆಂಕಿಯ ಫೋಟೊಗಳನ್ನು ಪಕ್ಕಕ್ಕಿಟ್ಟು ಮೊದಲು ಒಂದು ಸಂಬಳದ ಚೀಟಿ ಬಿಡಿಸಿ ನೋಡಬೇಕು.

ಸಂಬಳದ ಚೀಟಿ

ಲೆಕ್ಕಕ್ಕೆ ಸುಲಭವಾಗಲೆಂದು ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 7,000 ರೂಪಾಯಿ ಎಂದಿಟ್ಟುಕೊಳ್ಳೋಣ. ಅದರಲ್ಲಿ ಕೆಲಸಗಾರಳ ಪಾಲಿನ ಪಿಎಫ್ ಶೇ 12, ಅಂದರೆ 840 ರೂಪಾಯಿ ಹಿಡಿಯುತ್ತಾರೆ. ಕಾರ್ಮಿಕರ ಆರೋಗ್ಯ ವಿಮೆಯಾದ ಇಎಸ್‌ಐಗೆ ಆಗ ಶೇ 1.75, ಸುಮಾರು 123 ರೂಪಾಯಿ. ಕೈಗೆ ಬರುವುದು ಆರು ಸಾವಿರ ಚಿಲ್ಲರೆ. ಮಾಲೀಕರೂ ಶೇ 12 ಕಟ್ಟುತ್ತಾರೆ, ಆದರೆ ಆ 840 ರೂಪಾಯಿ ಇಡಿಯಾಗಿ ಪಿಎಫ್ ಖಾತೆಗೆ ಹೋಗುವುದಿಲ್ಲ. ಶೇ 8.33, ಅಂದರೆ 583 ರೂಪಾಯಿ ಪಿಂಚಣಿ ಯೋಜನೆಗೆ. ಉಳಿದ ಶೇ 3.67 ಪಿಎಫ್‌ಗೆ. ಅದೇ ಈ ಪ್ರಕರಣದ 257 ರೂಪಾಯಿ.

ಹಳೆಯ ನಿಯಮದಲ್ಲಿ ಕೆಲಸ ಬಿಟ್ಟು ಎರಡು ತಿಂಗಳು ಬೇರೆಲ್ಲೂ ಸೇರದಿದ್ದರೆ ಖಾತೆಯಲ್ಲಿರುವ ಅಷ್ಟೂ ಹಣ ತೆಗೆಯಬಹುದಿತ್ತು. ಮದುವೆಗೆಂದು ಕೆಲಸ ಬಿಡುವ ಹೆಣ್ಣುಮಕ್ಕಳಿಗೆ ಆ ಎರಡು ತಿಂಗಳ ಕಾಯುವಿಕೆಯೂ ಇರಲಿಲ್ಲ. 2016ರ ಫೆಬ್ರುವರಿ 10ರ ಅಧಿಸೂಚನೆ ಇದನ್ನು ಬದಲಿಸಿತು. ಇನ್ನು ಮುಂದೆ ಕೆಲಸ ಬಿಟ್ಟವರಿಗೆ ಸಿಗುವುದು ತಮ್ಮ ಪಾಲು ಮತ್ತು ಅದರ ಬಡ್ಡಿ ಮಾತ್ರ. ಮಾಲೀಕರ ಪಾಲು 58 ವರ್ಷ ತುಂಬುವವರೆಗೆ ಖಾತೆಯಲ್ಲೇ ಇರಬೇಕು.

ಐದು ವರ್ಷದ ಲೆಕ್ಕ ಹಾಕಿ. ಬಡ್ಡಿ ಬಿಟ್ಟು ಅವಳ ಪಾಲು 50,400, ಮಾಲೀಕರ ಪಾಲು 15,420, ಒಟ್ಟು 65,820. ಹೊಸ ನಿಯಮ ಹಿಡಿದಿಡುತ್ತಿದ್ದದ್ದು ಆ 15,420ನ್ನು, ಅಂದರೆ ನಾಲ್ಕರಲ್ಲಿ ಒಂದು ಪಾಲಿಗಿಂತ ತುಸು ಕಡಿಮೆ. ಆದರೆ ಬೊಮ್ಮನಹಳ್ಳಿಗೆ ಬಂದು ಮುಟ್ಟಿದ ಸುದ್ದಿ ಹೀಗಿರಲಿಲ್ಲ. ‘ಇನ್ಮೇಲೆ ಪಿಎಫ್ ದುಡ್ಡು 58 ವರ್ಷ ಆಗೋವರೆಗೂ ಬರಲ್ವಂತೆ’ ಎಂದಷ್ಟೇ ಬಂತು. ಕಾಲು ಪಾಲಿನ ನಿಯಮ ಬಾಯಿಂದ ಬಾಯಿಗೆ ಹೋಗುವಾಗ ಪೂರ್ತಿ ಪಾಲಿನದಾಯಿತು.

ಸುದ್ದಿ ತಪ್ಪಾಗಿತ್ತು, ಹಾಗಾಗಿ ಸಿಟ್ಟೂ ತಪ್ಪು ತಿಳಿವಳಿಕೆಯದು ಎಂದು ಅಂದು ಹಲವರು ವಾದಿಸಿದರು. ಈ ವಾದ ನಿಲ್ಲುವುದಿಲ್ಲ. 30 ವರ್ಷದವಳು 15,420 ರೂಪಾಯಿಗೆ 28 ವರ್ಷ ಕಾಯಬೇಕೆಂದರೆ ಅದನ್ನು ಹೋದ ದುಡ್ಡೆಂದೇ ಅವಳು ಲೆಕ್ಕಕ್ಕೆ ಬರೆದುಕೊಳ್ಳುತ್ತಾಳೆ, ಅದು ಸರಿಯೂ ಹೌದು. 58ರವರೆಗೆ ಮಷೀನ್ ಮುಂದೆ ಕೂರುವವರು ಈ ಕಸುಬಿನಲ್ಲಿ ಎಲ್ಲಿದ್ದಾರೆ? ಸೊಂಟ ಮತ್ತು ಕಣ್ಣು ಅದಕ್ಕೆ ಬಹಳ ಮೊದಲೇ ಕೈಕೊಡುತ್ತವೆ. ಅಷ್ಟರೊಳಗೆ ಕಾರ್ಖಾನೆ ಮುಚ್ಚಿರಬಹುದು, ಹೆಸರು ಬದಲಿಸಿರಬಹುದು, ಊರಾಚೆ ಹೋಗಿರಬಹುದು. ಇನ್ನೂ ಒಂದಿದೆ. ಮೂರು ವರ್ಷ ಹಣ ಜಮೆಯಾಗದ ಖಾತೆಗೆ ಬಡ್ಡಿ ಕೊಡುವುದನ್ನು 2011ರ ಏಪ್ರಿಲ್‌ನಿಂದ ನಿಲ್ಲಿಸಲಾಗಿತ್ತು. ಅದನ್ನು ಮತ್ತೆ ಕೊಡುವ ತೀರ್ಮಾನ ಆಗಿದ್ದು 2016ರ ಮಾರ್ಚ್ ಕೊನೆಗೆ, ನಿಯಮ ಹೊರಟು ಏಳು ವಾರವಾದ ಮೇಲೆ. ಅಂದರೆ ಫೆಬ್ರುವರಿಯಲ್ಲಿ ಸಹಿ ಬಿದ್ದಾಗ, ಹಣವನ್ನು ಹಿಡಿದಿಡುವ ನಿಯಮವೂ ಹಿಡಿದಿಟ್ಟ ಹಣಕ್ಕೆ ಬಡ್ಡಿ ಇಲ್ಲವೆನ್ನುವ ನಿಯಮವೂ ಒಟ್ಟಿಗೇ ಇದ್ದವು. ಬಾಯಿಮಾತಿನ ಸುದ್ದಿ ಮೊತ್ತದಲ್ಲಿ ತಪ್ಪಿತ್ತು, ತಾತ್ಪರ್ಯದಲ್ಲಿ ತಪ್ಪಿರಲಿಲ್ಲ.

‘ಪಿಎಫ್ ತೆಗೆಯೋದು’

ದೆಹಲಿಯ ಕಡತದಲ್ಲಿ ಪಿಎಫ್ ಎಂದರೆ ಮುಪ್ಪಿನ ಕಾಲದ ಆಸರೆ. ಬೊಮ್ಮನಹಳ್ಳಿಯ ಒಂದು ಕೋಣೆಯ ಮನೆಗಳಲ್ಲಿ ಅದು ನಾಲ್ಕೈದು ವರ್ಷಕ್ಕೊಮ್ಮೆ ಒಡೆಯುವ ಹುಂಡಿ. ಆ ಹುಂಡಿ ಯಾವುದಕ್ಕೆ ಒಡೆಯುತ್ತದೆ ಎಂಬುದೂ ಹೆಚ್ಚುಕಮ್ಮಿ ಗೊತ್ತಿರುವುದೇ: ಜೂನ್‌ನಲ್ಲಿ ಶಾಲೆಯ ಫೀಸು, ತಂಗಿಯ ಮದುವೆ, ಅಡವಿಟ್ಟ ಸರ, ಭೋಗ್ಯದ ಮನೆಯ ಮುಂಗಡ, ಬಡ್ಡಿಗೆ ಬಡ್ಡಿ ಬೆಳೆದ ಕೈಸಾಲ. ‘ಕೆಲಸ ಬಿಟ್ಟು ಪಿಎಫ್ ತೆಗಿ, ಆಮೇಲೆ ಇನ್ನೊಂದು ಫ್ಯಾಕ್ಟರಿಗೆ ಸೇರ್ಕೊ’ ಎನ್ನುವುದು ಲೈನ್‌ನಲ್ಲಿ ಹಳಬರು ಹೊಸಬರಿಗೆ ಹೇಳಿಕೊಡುವ ಮೊದಲ ಪಾಠಗಳಲ್ಲೊಂದು.

ಕೆಲಸ ಬಿಡದೆಯೇ ಹಣ ತೆಗೆಯುವ ದಾರಿ ಇರಲಿಲ್ಲವೇ? ಇತ್ತು. ಫಾರಂ 31 ತುಂಬಿ ಮುಂಗಡ ಕೇಳಬಹುದಿತ್ತು. ಆದರೆ ಮದುವೆಗೋ ಮಕ್ಕಳ ಓದಿಗೋ ಬೇಕೆಂದರೆ ಏಳು ವರ್ಷ ಸದಸ್ಯರಾಗಿರಬೇಕಿತ್ತು, ಆಗಲೂ ಸಿಗುತ್ತಿದ್ದದ್ದು ತಮ್ಮ ಪಾಲಿನ ಅರ್ಧ. ಕಾಯಿಲೆಗೆ ಇಷ್ಟು ವರ್ಷ ಎಂಬ ಷರತ್ತಿರಲಿಲ್ಲ, ಆದರೆ ಮೊತ್ತಕ್ಕೆ ಮಿತಿಯಿತ್ತು. ಕೈಸಾಲ ತೀರಿಸಲು, ಅಡವಿಟ್ಟದ್ದನ್ನು ಬಿಡಿಸಿಕೊಳ್ಳಲು ಎನ್ನುವ ಕಾರಣಗಳು ಆ ಫಾರಂನಲ್ಲಿ ಇರಲೇ ಇಲ್ಲ. ಹಾಗಾಗಿ ತೆರೆದಿದ್ದ ಬಾಗಿಲು ಒಂದೇ: ರಾಜೀನಾಮೆ ಕೊಡುವುದು, ಎರಡು ತಿಂಗಳು ಸುಮ್ಮನಿರುವುದು, ಪಿಎಫ್‌ಗೆ ಫಾರಂ 19, ಪಿಂಚಣಿಯ ಹಣಕ್ಕೆ 10ಸಿ ತುಂಬಿ ಕೊಡುವುದು.

ಈ ಬಾಗಿಲು ದಾಟುವುದೂ ಸುಲಭವಾಗಿರಲಿಲ್ಲ. ಯುಎಎನ್ (ಪಿಎಫ್ ಸದಸ್ಯರ ಕಾಯಂ ಸಂಖ್ಯೆ) ಜೊತೆ ಆಧಾರ್, ಬ್ಯಾಂಕ್ ಖಾತೆ ಜೋಡಣೆಯಾದವರಿಗೆ ಮಾಲೀಕರ ಸಹಿ ಬೇಡವೆನ್ನುವ ಫಾರಂ ಆಗಷ್ಟೇ ಬಂದಿತ್ತು. ಮಿಕ್ಕವರೆಲ್ಲ ಸಹಿಗಾಗಿ ಬಿಟ್ಟ ಕಾರ್ಖಾನೆಯ ಗೇಟಿಗೇ ಅಲೆಯಬೇಕಿತ್ತು. ಲಕ್ಷ್ಮಮ್ಮ ಎಂಬ ಹೆಸರು ಕಾರ್ಖಾನೆಯ ಕಡತದಲ್ಲಿ ‘ಕೆ-ಎಸ್-ಎಚ್’ ಹಾಕಿ ಬರೆದಿದ್ದು, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ‘ಎಕ್ಸ್’ ಇದ್ದರೆ ಅರ್ಜಿ ವಾಪಸ್. ಒಂದರಲ್ಲಿ ತಂದೆಯ ಹೆಸರು, ಇನ್ನೊಂದರಲ್ಲಿ ಗಂಡನ ಹೆಸರಿದ್ದರೂ ವಾಪಸ್. ಕೆಲಸ ಬಿಟ್ಟ ತಾರೀಖನ್ನು ಕಾರ್ಖಾನೆಯವರು ನಮೂದಿಸದಿದ್ದರೆ ಅರ್ಜಿ ಕದಲುತ್ತಲೇ ಇರಲಿಲ್ಲ. ಐದು ವರ್ಷ ತುಂಬುವ ಮೊದಲೇ 30 ಸಾವಿರ ದಾಟಿದ ಮೊತ್ತ ತೆಗೆದರೆ 2015ರ ಜೂನ್‌ನಿಂದ ಶೇ 10ರ ಟಿಡಿಎಸ್ (ಮೊದಲೇ ಮುರಿದುಕೊಳ್ಳುವ ತೆರಿಗೆ) ಬೇರೆ ಇತ್ತು. ಆದಾಯ ತೆರಿಗೆ ಮಿತಿಯ ಹತ್ತಿರಕ್ಕೂ ಬಾರದವಳು ಅದನ್ನು ತಪ್ಪಿಸಿಕೊಳ್ಳಲು ಫಾರಂ 15ಜಿ ಕೊಡಬೇಕಿತ್ತು, ಅಂಥದೊಂದು ಫಾರಂ ಇದೆಯೆಂದು ಅವಳಿಗೆ ಹೇಳುವವರು ಕಡಿಮೆ.

ಹೀಗೆ ರಾಜೀನಾಮೆ ಕೊಟ್ಟಾಗ ಕಳೆದುಕೊಳ್ಳುವುದೂ ಇದೆ. ಕೆಲಸ ಬಿಡುವಾಗ ಸೇವೆಯ ವರ್ಷ ನೋಡಿ ಮಾಲೀಕರು ಕೊಡುವ ಗ್ರಾಚ್ಯುಟಿ ಸಿಗಲು ಒಂದೇ ಕಡೆ ಐದು ವರ್ಷ ದುಡಿದಿರಬೇಕು. ಏಳು ಸಾವಿರದ ಸಂಬಳಕ್ಕೆ ಐದು ವರ್ಷದ ಗ್ರಾಚ್ಯುಟಿ 20,192 ರೂಪಾಯಿ. ನಾಲ್ಕನೇ ವರ್ಷದಲ್ಲಿ ಪಿಎಫ್‌ಗಾಗಿ ಕೆಲಸ ಬಿಟ್ಟವಳು ಅಷ್ಟನ್ನೂ ಬಿಟ್ಟುಕೊಟ್ಟ ಹಾಗೆ. ಇದು ಗೊತ್ತಿದ್ದೂ ಬಿಡುತ್ತಿದ್ದರು ಎಂದರೆ ಆ ಹಣದ ತುರ್ತು ಎಷ್ಟಿತ್ತೆಂದು ಊಹಿಸಬಹುದು. ಹೀಗೆ ದುಬಾರಿ ಬೆಲೆ ತೆತ್ತು ಇಟ್ಟುಕೊಂಡಿದ್ದ ಒಂದೇ ಬಾಗಿಲಿನ ಮೇಲೆ ಹೊಸ ನಿಯಮ ಕೈಯಿಟ್ಟಿತ್ತು.

ನುಂಗುವ ಸಿಟ್ಟು

ಗಾರ್ಮೆಂಟ್ಸ್ ಲೈನ್‌ನಲ್ಲಿ ಸಿಟ್ಟಿಗೆ ಬರವಿಲ್ಲ, ಅದನ್ನು ತೋರಿಸಲು ಜಾಗವಿಲ್ಲ ಅಷ್ಟೇ. ಕಾಲರ್ ಕೂರಿಸುವವಳು ನಿಧಾನಿಸಿದರೆ ಮುಂದೆ ತೋಳು ಜೋಡಿಸುವವಳ ಮುಂದಿನ ಬಂಡಲ್ ಖಾಲಿ. ಗಂಟೆಗಿಷ್ಟು ಪೀಸ್ ಎಂದು ಬೋರ್ಡಿನ ಮೇಲೆ ಬರೆದಿರುತ್ತದೆ. ಹಿಂದೆ ಬಿದ್ದರೆ ಸೂಪರ್‌ವೈಸರ್ ಬಂದು ನಿಂತು ‘ಏಯ್, ಕೈ ಓಡಲ್ವಾ?’ ಎನ್ನುತ್ತಾನೆ. ಅವನಿಗೆ ಫ್ಲೋರ್ ಇನ್‌ಚಾರ್ಜ್ ಅದನ್ನೇ ಹೇಳಿರುತ್ತಾನೆ, ಇನ್‌ಚಾರ್ಜ್‌ಗೆ ಇನ್ನೂ ಮೇಲಿನವರು. ಬೈಗುಳ ಮೇಲಿಂದ ಕೆಳಕ್ಕೆ ಹರಿದು ಬಂದು ಮಷೀನ್ ಮುಂದೆ ಕೂತವಳ ಹತ್ತಿರ ನಿಲ್ಲುತ್ತದೆ. ಅಲ್ಲಿಂದ ಕೆಳಗೆ ಯಾರೂ ಇಲ್ಲ.

ಅವಳು ತಿರುಗಿ ಮಾತಾಡಿದರೆ? ಓಟಿ ಕೊಡುವುದಿಲ್ಲ, ಬರದ ಆಪರೇಷನ್‌ಗೆ ಕೂರಿಸುತ್ತಾರೆ, ರಜೆ ಕೇಳಿದಾಗ ಮುಖ ತಿರುಗಿಸುತ್ತಾರೆ, ಕೊನೆಗೆ ‘ನಾಳೆಯಿಂದ ಬರ್ಬೇಡ’. ಒಬ್ಬಳ ಸಿಟ್ಟಿನ ಬೆಲೆಯನ್ನು ಅವಳೊಬ್ಬಳೇ ತೆರಬೇಕು. ಆದ್ದರಿಂದ ಕಾರ್ಖಾನೆಯೊಳಗೆ ಸಿಟ್ಟು ಬಂತೆಂದು ಯಾರೂ ಹೇಳುವುದಿಲ್ಲ, ‘ಹೊಟ್ಟೆ ಉರಿಯುತ್ತೆ ಅಕ್ಕ’ ಎನ್ನುತ್ತಾರೆ. ಕನ್ನಡದ ಈ ಮಾತಿನಲ್ಲಿ ಸಂಕಟ, ಅಸಹಾಯಕತೆ, ಕೋಪ ಮೂರೂ ಬೆರೆತಿವೆ. ಉರಿ ಹೊಟ್ಟೆಯಲ್ಲೇ ಇರುತ್ತದೆ, ಹೊರಗೆ ಕಾಣುವುದಿಲ್ಲ. ಮರುದಿನ ಪತ್ರಿಕೆಗಳು ಬಳಸಿದ ಪದ ‘ಆಕ್ರೋಶ’. ಆ ಪದದ ಮೂಲದಲ್ಲಿರುವುದು ಕೂಗು. ಹೊಟ್ಟೆಯ ಉರಿ ಗಂಟಲಿಗೆ ಏರಿದ್ದು ಹೇಗೆ ಎನ್ನುವುದೇ ಈ ಪ್ರಕರಣದ ನಡುವಿನ ಪ್ರಶ್ನೆ.

ನಮ್ಮ ಉತ್ತರ ಇದು. ಪಿಎಫ್ ನಿಯಮ ಎಲ್ಲರಿಗೂ ಒಂದೇ ದಿನ, ಒಂದೇ ಮಾತಿನಲ್ಲಿ ಬಂದು ಬಡಿಯಿತು. ಸೂಪರ್‌ವೈಸರ್ ಒಬ್ಬಳನ್ನು ಬೈದರೆ ಪಕ್ಕದವಳು ತಲೆ ತಗ್ಗಿಸಿ ಹೊಲಿಯುತ್ತಾಳೆ, ಏಕೆಂದರೆ ಅದು ಅವಳ ಬೈಗುಳವಲ್ಲ. 58 ವರ್ಷ ಎನ್ನುವುದು ಟೈಲರ್, ಹೆಲ್ಪರ್, ಚೆಕ್ಕರ್ ಎಲ್ಲರ ಪಾಲಿನದು, ಸೂಪರ್‌ವೈಸರ್‌ನದೂ ಹೌದು. ಅವನೂ ಪಿಎಫ್ ಕಟ್ಟುತ್ತಾನೆ. ಇಡೀ ಲೈನ್ ಒಟ್ಟಿಗೆ ಎದ್ದಾಗ ಯಾರನ್ನೆಂದು ಕೆಲಸದಿಂದ ತೆಗೆಯುವುದು? ಸಿಟ್ಟಿನ ಬೆಲೆ ಲಕ್ಷ ಜನರ ಮೇಲೆ ಹಂಚಿಹೋಗಿ, ಒಬ್ಬೊಬ್ಬರ ಪಾಲಿಗೆ ಬರುವುದು ಇಲ್ಲವೆನ್ನುವಷ್ಟಾಯಿತು. ಮೇಲಾಗಿ ಈ ಸಿಟ್ಟು ಮಾಲೀಕರ ಮೇಲಲ್ಲ, ದೆಹಲಿಯ ಮೇಲೆ. ಮಾಲೀಕರಿಗೂ ಅದನ್ನು ತಡೆಯುವ ಉತ್ಸಾಹ ಅಷ್ಟಿರಬೇಕಾಗಿರಲಿಲ್ಲ.

ಇದರ ಜೊತೆ ನೆಲದ ಗುಣವೂ ಸೇರಿತು. ನಗರ ಮತ್ತು ಸುತ್ತಮುತ್ತ ಸುಮಾರು 1,200 ಗಾರ್ಮೆಂಟ್ಸ್ ಘಟಕಗಳು, ನಾಲ್ಕೈದು ಲಕ್ಷ ಕೆಲಸಗಾರರು, ಹತ್ತರಲ್ಲಿ ಎಂಟು ಮಂದಿ ಹೆಂಗಸರು ಎಂಬುದು ಆ ಕಾಲದ ಸಾಮಾನ್ಯ ಅಂದಾಜು. ಇವರು ನಗರದ ತುಂಬ ಚದುರಿಲ್ಲ. ಹೊಸೂರು ರಸ್ತೆ, ತುಮಕೂರು ರಸ್ತೆ, ಮೈಸೂರು ರಸ್ತೆ ಎಂಬ ಮೂರು ಹೆದ್ದಾರಿಗಳ ಇಕ್ಕೆಲದಲ್ಲಿ ಒತ್ತಾಗಿದ್ದಾರೆ. ಗೇಟಿನಿಂದ ಹೆದ್ದಾರಿಗೆ ಹಲವು ಕಡೆ ಐದು ನಿಮಿಷದ ನಡಿಗೆಯೂ ಇಲ್ಲ. ಒಂದು ಗೇಟಿನಿಂದ ಜನ ಹೊರಬಿದ್ದರೆ ಪಕ್ಕದ ಗೇಟಿನವರಿಗೆ ಕಾಣುತ್ತದೆ. ಗಾಜು ಉಳಿಯಲಿ ಎಂದು ಪಕ್ಕದ ಕಾರ್ಖಾನೆಯವರು ರಜೆ ಕೊಟ್ಟು ಕಳಿಸಿದರೆ ಆ ಜನವೂ ಅದೇ ರಸ್ತೆಗೇ ಬರಬೇಕು. ಇಂಥ ಕಡೆ ಗುಂಪು ಬೆಳೆಯಲು ಸಂಘಟನೆ ಬೇಕಿಲ್ಲ, ರಸ್ತೆಯೇ ಆ ಕೆಲಸ ಮಾಡುತ್ತದೆ. (ಬಿಸಿಲು ತಲೆಗೇರಿತ್ತು ಎಂದು ಅಂದವರೂ ಇದ್ದರು. ಬಿಸಿಲಿದ್ದದ್ದು ನಿಜ. ಅದೇ ವಾರದ ಕೊನೆಗೆ, ಏಪ್ರಿಲ್ 24ರಂದು, ಬೆಂಗಳೂರಿನಲ್ಲಿ 39.2 ಡಿಗ್ರಿ ದಾಖಲಾಯಿತು. ಆ ಬಿಸಿಲಿನಲ್ಲಿ ಡಾಂಬರಿನ ಮೇಲೆ ಕೂರಲು ಗಟ್ಟಿ ಕಾರಣವೇ ಬೇಕು ಎನ್ನುವುದು ಹೆಚ್ಚು ಸರಿ.)

ಮುಂದೂಡಿದ್ದು ಯಾಕೆ ಸಾಲಲಿಲ್ಲ

ಸರ್ಕಾರ ಹಿಂದೆ ಸರಿದದ್ದು ಒಂದೇ ಹೆಜ್ಜೆಯಲ್ಲಲ್ಲ. ಆ ಹೆಜ್ಜೆಗಳನ್ನು ಒಂದೊಂದಾಗಿ ನೋಡಬೇಕು, ಕಲಿಯುವುದಿರುವುದು ಅಲ್ಲೇ.

ಅಧಿಸೂಚನೆಗೆ ಕಾರ್ಮಿಕ ಸಂಘಗಳ ವಿರೋಧ ಬಂದದ್ದರಿಂದ ಏಪ್ರಿಲ್ 30ರವರೆಗೆ ಅದನ್ನು ತಡೆಹಿಡಿಯಲಾಗಿತ್ತು. ಅಂದರೆ ಗಲಾಟೆಯಾದ ದಿನ ನಿಯಮ ಜಾರಿಯಲ್ಲೇ ಇರಲಿಲ್ಲ, ಮೇ 1ರಿಂದ ಬರುವುದಿತ್ತು. ದಿನ ನೋಡಿ, ಕಾರ್ಮಿಕ ದಿನಾಚರಣೆಯಂದೇ. ಸೋಮವಾರ ರಸ್ತೆ ಬಂದ್ ಆದ ಮೇಲೆ ಸಚಿವಾಲಯ ಎರಡು ಮಾತು ಹೇಳಿತು. ನಿಯಮವನ್ನು ಜುಲೈ 31ರವರೆಗೆ ಮುಂದೂಡುತ್ತೇವೆ. ಮನೆ ಕೊಳ್ಳಲು, ಗಂಭೀರ ಕಾಯಿಲೆಗೆ, ಮಕ್ಕಳ ಮದುವೆ ಮತ್ತು ವೃತ್ತಿ ಶಿಕ್ಷಣಕ್ಕಾದರೆ ಪೂರ್ತಿ ಹಣ ತೆಗೆಯಲು ಬಿಡುತ್ತೇವೆ. ಕಾಗದದ ಮೇಲೆ ಇದು ದೊಡ್ಡ ರಿಯಾಯಿತಿಯೇ. ಆದರೂ ಮಂಗಳವಾರದ ಗುಂಪು ಸೋಮವಾರದ್ದಕ್ಕಿಂತ ದೊಡ್ಡದಾಯಿತು.

ಮುಂದೂಡುವುದು ಎಂದರೆ ‘ಬಂದೇ ಬರುತ್ತದೆ, ಈಗಲ್ಲ’ ಎಂದ ಹಾಗೆ. ಸಿಟ್ಟಾದವರ ಕಿವಿಗೆ ಅದರಲ್ಲಿ ‘ಬಂದೇ ಬರುತ್ತದೆ’ ಎನ್ನುವುದಷ್ಟೇ ಬೀಳುತ್ತದೆ. ವಿನಾಯಿತಿಯ ಪಟ್ಟಿಯಂತೂ ಇನ್ನೂ ಕೆಟ್ಟದಾಗಿ ಕೇಳಿಸಿತು. ನನ್ನ ದುಡ್ಡು ಯಾವುದಕ್ಕೆ ಬೇಕೆಂದು ನಾನು ಇನ್ನೊಬ್ಬರಿಗೆ ಒಪ್ಪಿಸಬೇಕೇ ಎಂಬ ಪ್ರಶ್ನೆ ಅದರಿಂದ ಎದ್ದಿತು. ಫಾರಂ 31ರ ಹಳೆಯ ಕಹಿ ಇದೇ ಆಗಿತ್ತು. ಇದರ ಮೇಲೆ, ಸೋಮವಾರ ಒಂದು ದಿನ ಕೂತದ್ದಕ್ಕೆ ಮೂರು ತಿಂಗಳು ಮುಂದೆ ಹೋಯಿತು ಎನ್ನುವ ಲೆಕ್ಕವೂ ಎಲ್ಲರಿಗೂ ಗೊತ್ತಾಗಿತ್ತು. ಅರ್ಧ ಹಿಂದೆ ಸರಿದರೆ ಸಿಟ್ಟು ತಣಿಯುವುದಿಲ್ಲ. ತಳ್ಳಿದರೆ ಇದು ಸರಿಯುತ್ತದೆ ಎಂಬ ಗುಟ್ಟು ಮಾತ್ರ ಬಯಲಾಗುತ್ತದೆ.

ತಳ್ಳಿದರೆ ಸರಿಯುತ್ತದೆ ಎನ್ನುವುದಕ್ಕೆ ಆರು ವಾರದ ಹಿಂದಿನ ನಿದರ್ಶನವೂ ಇತ್ತು. ಫೆಬ್ರುವರಿ 29ರ ಬಜೆಟ್‌ನಲ್ಲಿ ಆಗಿನ ಹಣಕಾಸು ಸಚಿವ ಅರುಣ್ ಜೇಟ್ಲಿ, ಪಿಎಫ್‌ನಿಂದ ತೆಗೆಯುವ ಹಣದ ಶೇ 60ರ ಮೇಲೆ ತೆರಿಗೆಯ ಪ್ರಸ್ತಾಪ ಇಟ್ಟಿದ್ದರು. ಸಂಬಳದಾರ ವರ್ಗ ಸಿಡಿದೆದ್ದಿತು, ಟಿವಿ ಸ್ಟುಡಿಯೊಗಳಲ್ಲಿ, ಫೇಸ್‌ಬುಕ್‌ನಲ್ಲಿ, ಆನ್‌ಲೈನ್ ಸಹಿ ಸಂಗ್ರಹದಲ್ಲಿ. ಮಾರ್ಚ್ 8ರಂದು ಪ್ರಸ್ತಾಪ ವಾಪಸಾಯಿತು. ಅದಾಗಲೇ ಅಧಿಸೂಚನೆಯಾಗಿದ್ದ 257 ರೂಪಾಯಿಯ ವಿಷಯಕ್ಕೆ ಆ ಸ್ಟುಡಿಯೊಗಳಲ್ಲಿ ಅಷ್ಟು ಸದ್ದಾಗಲಿಲ್ಲ. ಕಚೇರಿಯಲ್ಲಿ ಕೂತು ಸಿಟ್ಟು ಮಾಡಿಕೊಳ್ಳಬಲ್ಲವರಿಗೆ ಎಂಟು ದಿನ ಸಾಕಾಯಿತು, ಅವರು ಯಾರ ದಾರಿಗೂ ಅಡ್ಡ ಕೂರಬೇಕಾಗಲಿಲ್ಲ. ಗಾರ್ಮೆಂಟ್ಸ್ ಹೆಂಗಸರ ಹತ್ತಿರ ಸಿಟ್ಟು ತೋರಿಸಲು ಇದ್ದ ಒಂದೇ ಸಾಧನ ತಮ್ಮ ಮೈ. ಅದನ್ನೇ ತಂದು ರಸ್ತೆಯ ಮೇಲೆ ಇಟ್ಟರು.

ಎಲ್ಲಿ ಎಡವಿದರು

ಮೊದಲ ತಪ್ಪು ಸುದ್ದಿ ಮುಟ್ಟಿಸುವುದರಲ್ಲಿ ಆಯಿತು. ನಿಯಮ ಫೆಬ್ರುವರಿಯದು, ಸಿಟ್ಟು ಏಪ್ರಿಲ್‌ನದು. ನಡುವೆ ಎರಡು ತಿಂಗಳಿತ್ತು. ಅಷ್ಟರಲ್ಲಿ ಪ್ರತಿ ಕಾರ್ಖಾನೆಯ ನೋಟಿಸ್ ಬೋರ್ಡಿಗೆ ಕನ್ನಡದಲ್ಲಿ ಅರ್ಧ ಪುಟದ ಸೂಚನೆ ಹಾಕಬಹುದಿತ್ತು. ಅದರಲ್ಲಿ ನಾಲ್ಕು ಸಂಗತಿ ಇದ್ದರೆ ಸಾಕಾಗಿತ್ತು: ನಿಮ್ಮ 840 ಎಲ್ಲಿಗೆ ಹೋಗುತ್ತದೆ, ಮಾಲೀಕರ 257 ಎಲ್ಲಿಗೆ ಹೋಗುತ್ತದೆ, ಕೆಲಸ ಬಿಟ್ಟರೆ ಯಾವುದು ಸಿಗುತ್ತದೆ, ಯಾವುದು ಸಿಗುವುದಿಲ್ಲ. ಶೇಕಡಾವಾರು ಬೇಡ, ರೂಪಾಯಿಯಲ್ಲೇ. ಹಾಗೆ ಹಾಕಿದ್ದರೆ ಸಿಟ್ಟು ಬರುತ್ತಿರಲಿಲ್ಲ ಎಂದಲ್ಲ. 65 ಸಾವಿರದ ಸಿಟ್ಟು 15 ಸಾವಿರದ್ದಾಗುತ್ತಿತ್ತು, ಸಂಘಗಳ ಮೂಲಕ ಮಾತುಕತೆಗೆ ಬರುತ್ತಿತ್ತು ಎನ್ನಲು ಕಾರಣವಿದೆ.

ಎರಡನೆಯದು, ಮಾತಾಡಲು ಜನವಿಲ್ಲದ್ದು. ಪೊಲೀಸರು ಇಂಥ ಕಡೆ ಮೊದಲು ಕೇಳುವುದು ‘ನಿಮ್ಮ ಲೀಡರ್ ಯಾರು?’ ಎಂದು. ಇಲ್ಲಿ ಆ ಪ್ರಶ್ನೆಗೆ ಉತ್ತರವೇ ಇರಲಿಲ್ಲ. ಸಂಘ ಕಟ್ಟಲು ಹೋದವರನ್ನು ವರ್ಷಗಟ್ಟಲೆ ಗೇಟಿನಿಂದ ಹೊರಗಿಟ್ಟ ಉದ್ಯಮಕ್ಕೆ ಆ ದಿನ ಗುಂಪಿನ ಜೊತೆ ಮಾತಾಡಬಲ್ಲ ಹತ್ತು ಹೆಂಗಸರು ಬೇಕಾಗಿದ್ದರು, ಸಿಗಲಿಲ್ಲ. ಮುಂದಾಳಿಲ್ಲದ ಗುಂಪಿನ ಹತ್ತಿರ ಒಪ್ಪಂದ ಮಾಡಿಕೊಳ್ಳಲಾಗುವುದಿಲ್ಲ. ಅದಕ್ಕೆ ಒಂದು ಸುದ್ದಿ ಕೊಡಬಹುದು, ಇಲ್ಲವೇ ಲಾಠಿ. ಸಂಜೆಯವರೆಗೆ ಸುದ್ದಿ ಬರಲಿಲ್ಲ.

ಲಾಠಿಯಿಂದ ಆದದ್ದು ಮೂರನೆಯದು. ಕೂತಿದ್ದ ಹೆಂಗಸರ ಮೇಲೆ ಲಾಠಿ ಬಿದ್ದ ದೃಶ್ಯ ಮೊಬೈಲ್‌ಗಳಲ್ಲಿ ಹರಿದಾಡಿದ ಮೇಲೆ ವಿಷಯ ಪಿಎಫ್ ಒಂದೇ ಆಗಿ ಉಳಿಯಲಿಲ್ಲ. ಅಕ್ಕನಿಗೆ, ಹೆಂಡತಿಗೆ, ಬಾಡಿಗೆ ಮನೆಯ ಪಕ್ಕದವಳಿಗೆ ಪೆಟ್ಟು ಬಿತ್ತೆಂದು ಹೊರಡುವವರಿಗೆ ಶೇ 3.67ರ ಲೆಕ್ಕ ಬೇಕಿಲ್ಲ. ಹೊಸಬರ ಸಿಟ್ಟಿಗೆ ಲೆಕ್ಕವಿಲ್ಲದ್ದರಿಂದ ಅದಕ್ಕೆ ಮಿತಿಯೂ ಇರಲಿಲ್ಲ. ಬೆಂಕಿ ಬಿದ್ದದ್ದು ಈ ಹಂತದಲ್ಲಿ. ಆಮೇಲೆ ಎಂದಿನಂತೆ ‘ಕಿಡಿಗೇಡಿಗಳು’ ಎಂಬ ಪದ ಹೊರಬಂತು. ಬೆಂಗಳೂರಿನ ಯಾವ ಗಲಭೆಯ ಹೇಳಿಕೆಯನ್ನು ತೆಗೆದರೂ ಈ ಪದ ಇದ್ದೇ ಇರುತ್ತದೆ. ಒಂದೇ ಮಧ್ಯಾಹ್ನದ ಕೋಪವನ್ನು ಒಳ್ಳೆಯದು, ಕೆಟ್ಟದ್ದು ಎಂದು ಎರಡು ಭಾಗ ಮಾಡಿ, ಒಳ್ಳೆಯದಕ್ಕೆ ಆದೇಶ ವಾಪಸ್, ಕೆಟ್ಟದ್ದಕ್ಕೆ ಎಫ್‌ಐಆರ್ ಎಂದು ಹಂಚಲು ಅದು ಅನುಕೂಲ.

ದವಡೆ ಯಾರದ್ದು ಎಂಬ ಪ್ರಶ್ನೆ ಬರುವುದು ಇಲ್ಲಿ. ರದ್ದತಿಯ ಲಾಭ ದೇಶದ ಎಲ್ಲ ಪಿಎಫ್ ಸದಸ್ಯರಿಗೂ ಆಯಿತು, ಎಸಿ ಕೋಣೆಯಲ್ಲಿ ಕೂತು ಟ್ರಾಫಿಕ್ ಜಾಮ್ ಬಗ್ಗೆ ಬೈದುಕೊಂಡವರಿಗೂ. ಬೆಲೆ ತೆತ್ತವರು ಬೇರೆ: ಬಂಧನಕ್ಕೊಳಗಾದವರು, ಪೆಟ್ಟು ತಿಂದವರು, ಬೆಂಕಿಗೆ ಸಿಕ್ಕ ಬೈಕುಗಳ ಮಾಲೀಕರು, ಬಸ್ಸಿನಿಂದ ಇಳಿದು ಓಡಿದ ಚಾಲಕ, ನಿರ್ವಾಹಕರು. ಲಕ್ಷ ಜನರಿಗೆ ಹಂಚಿಹೋದ ಬೆಲೆ ಕೊನೆಗೆ ಕೆಲವರ ತಲೆಯ ಮೇಲೆ ಬಂದು ಕೂತಿತು.

ಇನ್ನೊಂದು ಕೋಪ, ಅದೇ ವರ್ಷ

ಐದು ತಿಂಗಳಾಗುವುದರೊಳಗೆ ಇದೇ ನಗರ ಇನ್ನೊಂದು ಕೋಪ ಕಂಡಿತು. 2016ರ ಸೆಪ್ಟೆಂಬರ್ 5ರಂದು ಸುಪ್ರೀಂ ಕೋರ್ಟ್, ದಿನಕ್ಕೆ 15,000 ಕ್ಯುಸೆಕ್‌ನಂತೆ ಹತ್ತು ದಿನ ಕಾವೇರಿ ನೀರು ಬಿಡಲು ಹೇಳಿತು. ಸೆಪ್ಟೆಂಬರ್ 12ರಂದು ಬೆಂಗಳೂರು ಹೊತ್ತಿ ಉರಿಯಿತು, 16 ಪೊಲೀಸ್ ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ಬಿತ್ತು, ಗೋಲಿಬಾರ್‌ನಲ್ಲಿ ಸಾವೂ ಆಯಿತು. ಅಂದು ಕೋರ್ಟ್ ಆದೇಶ ಬದಲಾಗಿದ್ದು ದಿನಕ್ಕೆ 12,000 ಕ್ಯುಸೆಕ್, ಸೆಪ್ಟೆಂಬರ್ 20ರವರೆಗೆ ಎಂದು. ದಿನದ ಪ್ರಮಾಣ ಇಳಿಯಿತು, ದಿನಗಳು ಹೆಚ್ಚಿದವು.

ಆ ಕೋಪಕ್ಕೆ ಬಾವುಟವಿತ್ತು, ಮುಖಂಡರಿದ್ದರು, ಬಂದ್ ಕರೆಗಳಿದ್ದವು, ನಾಡಿನ ಹೆಸರಿತ್ತು. ಗಾರ್ಮೆಂಟ್ಸ್ ಹೆಂಗಸರ ಹತ್ತಿರ ಇವು ಯಾವುವೂ ಇರಲಿಲ್ಲ. ಆದರೂ ಬೇಡಿದ್ದು ಸಿಕ್ಕಿದ್ದು ಇವರಿಗೆ. ಒಂದು ಕಾರಣ ಸರಳ. ಪಿಎಫ್ ಅಧಿಸೂಚನೆ ಒಬ್ಬ ಸಚಿವರ ಸಹಿಯಿಂದ ಹೋಗುವಂಥದು, ತಮಿಳುನಾಡು, ಕೇರಳ, ಪಶ್ಚಿಮ ಬಂಗಾಳಗಳಲ್ಲಿ ಆಗ ಚುನಾವಣೆಯ ಕಾವು ಬೇರೆ. ನ್ಯಾಯಾಲಯದ ಆದೇಶ ಬೀದಿಯ ಕೂಗಿಗೆ ಹಾಗೆ ಬಾಗುವುದಿಲ್ಲ, ಬಾಗಬಾರದು ಕೂಡ. ಇನ್ನೊಂದು ಕಾರಣ ನಮಗೆ ಹೆಚ್ಚು ಮುಖ್ಯವೆನಿಸುತ್ತದೆ. ಕಾವೇರಿಯ ಕೋಪ ಸಿಕ್ಕವರ ಮೇಲೆ ತಿರುಗಿತು, ತಮಿಳುನಾಡಿನ ನಂಬರ್ ಪ್ಲೇಟ್ ಕಂಡಲ್ಲೆಲ್ಲ. ಬೊಮ್ಮನಹಳ್ಳಿಯ ಕೋಪಕ್ಕೆ ಏನು ಬೇಕೆಂದು ಒಂದೇ ವಾಕ್ಯದಲ್ಲಿ ಹೇಳಲು ಬರುತ್ತಿತ್ತು, ಆ ವಾಕ್ಯ ಯಾರಿಗೆಂಬುದೂ ಗೊತ್ತಿತ್ತು.

ಆ ವಾರದ ಶುಕ್ರವಾರ ಚೈತ್ರ ಹುಣ್ಣಿಮೆ. ತಿಗಳರಪೇಟೆಯ ಧರ್ಮರಾಯ ದೇವಸ್ಥಾನದ ಕರಗ ಹೊರಡುವ ರಾತ್ರಿ. ತಿಮಿರಾಸುರನನ್ನು ಕೊಲ್ಲಲು ಆದಿಶಕ್ತಿಯಾಗಿ ನಿಂತ ದ್ರೌಪದಿಯ ಕಥೆಯನ್ನು ಈ ನಗರ ವರ್ಷಕ್ಕೊಮ್ಮೆ ಹೆಗಲೆತ್ತರಕ್ಕೆ ಮೀರಿ, ತಲೆಯ ಮೇಲೇ ಹೊತ್ತು ಮೆರೆಸುತ್ತದೆ. ಹೆಣ್ಣಿನ ಕೋಪ ಮಲ್ಲಿಗೆ ಮುಡಿದು ಬಂದರೆ ಬೆಂಗಳೂರಿಗೆ ಒಪ್ಪಿಗೆ. ಐಡಿ ಕಾರ್ಡ್ ನೇತುಹಾಕಿಕೊಂಡು ಹೊಸೂರು ರಸ್ತೆಗೆ ಬಂದಾಗ ಅದು ಕಾನೂನು ಸುವ್ಯವಸ್ಥೆಯ ಪ್ರಶ್ನೆ.

ಕೋಪಕ್ಕೆ ಗೊತ್ತುಮಾಡಿದ ಜಾಗ

ಇವತ್ತು ಹಾಗೆ ಕೂರಲು ಬಿಡುವುದಿಲ್ಲ. ಬೆಂಗಳೂರಿನಲ್ಲಿ ಪ್ರತಿಭಟನೆಗೆ ಪರವಾನಗಿ ಬೇಕೆನ್ನುವ 2021ರ ಆದೇಶದ ನಂತರ ಜಾಗ ಒಂದೇ, ಫ್ರೀಡಂ ಪಾರ್ಕ್, ಹಿಂದೆ ಸೆಂಟ್ರಲ್ ಜೈಲ್ ಇದ್ದ ಆವರಣ. ಆಂಬುಲೆನ್ಸ್ ಸಿಕ್ಕಿಕೊಳ್ಳಬಾರದು, ಪರೀಕ್ಷೆಗೆ ಹೊರಟ ಮಕ್ಕಳು ನಡುದಾರಿಯಲ್ಲಿ ಉಳಿಯಬಾರದು ಎನ್ನುವ ವಾದವನ್ನು ತಳ್ಳಿಹಾಕಲಾಗದು. ಆದರೆ ಬೊಮ್ಮನಹಳ್ಳಿಯಿಂದ ಅಲ್ಲಿಗೆ ಹೋಗಬೇಕೆಂದರೆ ಮೊದಲೇ ಅರ್ಜಿ ಹಾಕಬೇಕು, ಅರ್ಜಿಗೆ ಸಹಿ ಹಾಕುವ ಸಂಘಟಕರು ಬೇಕು, ಒಂದು ದಿನದ ಸಂಬಳ ಬಿಡಬೇಕು, ಬಸ್ ಚಾರ್ಜ್ ಕೊಡಬೇಕು. ಸಂಘವಿಲ್ಲದವರಿಗೆ ಮೊದಲ ಮೆಟ್ಟಿಲೇ ಇಲ್ಲ.

ನಿಯಮ ರದ್ದಾದರೂ ಆ ಹಣವನ್ನು ಮುಪ್ಪಿನವರೆಗೆ ಉಳಿಸಬೇಕೆಂಬ ಯೋಚನೆ ಸತ್ತಿರಲಿಲ್ಲ, ಅದರ ರೂಪ ಬದಲಾಯಿತು. 2018ರಲ್ಲಿ, ಕೆಲಸ ಬಿಟ್ಟ ಒಂದು ತಿಂಗಳಿಗೇ ಶೇ 75ರಷ್ಟು ತೆಗೆಯಬಹುದೆಂಬ ಅವಕಾಶ ಬಂತು, ಉಳಿದದ್ದು ಹಳೆಯ ಎರಡು ತಿಂಗಳಿಗೆ. 2025ರ ಅಕ್ಟೋಬರ್ 13ರಂದು ಪಿಎಫ್ ಸಂಸ್ಥೆಯ ಕೇಂದ್ರ ಟ್ರಸ್ಟಿಗಳ ಮಂಡಳಿ, ಕೆಲಸ ಹೋದವರಿಗೆ ಶೇ 75 ತಕ್ಷಣ, ಉಳಿದ ಶೇ 25 ಹನ್ನೆರಡು ತಿಂಗಳಾದ ಮೇಲೆ ಎಂದು ತೀರ್ಮಾನಿಸಿತು. ನಮ್ಮ ಲೆಕ್ಕದ 65,820 ರೂಪಾಯಿಯಲ್ಲಿ ಶೇ 25 ಎಂದರೆ 16,455. ಬೊಮ್ಮನಹಳ್ಳಿಯಲ್ಲಿ ಬಸ್ ನಿಲ್ಲಿಸಿದ ಮೊತ್ತ 15,420. ತಡೆಹಿಡಿಯುವ ಹಣ ಸಾವಿರದಷ್ಟು ಹೆಚ್ಚೇ ಆಗಿದೆ. ಕಾಯುವ ಅವಧಿ 30 ವರ್ಷದವಳಿಗೆ 28 ವರ್ಷ ಇದ್ದದ್ದು ಒಂದು ವರ್ಷಕ್ಕೆ ಇಳಿದಿದೆ.